ಕಂಡ ಸ್ಥಳ

ಟಿಕೆಟ್ ಕೌಂಟರಿನ ಗಾಜಿಗೆ ಅಂಟಿಸಿದ್ದ ನಕ್ಷೆ ಕಂಡು ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅಳಿವಿನಂಚಿನ ತಿಮಿಂಗಿಲ ಈ ಕಡಲಲ್ಲಿ ಎಲ್ಲೆಲ್ಲಿ ಓಡಾಡುತ್ತದೆಂದು ಹನ್ನೊಂದು ವರ್ಷ ಅಲೆದು ಅವಳೇ ಗುರುತು ಮಾಡಿದ ಕೆಂಪು ಚುಕ್ಕೆಗಳು. ಕೆಳಗೆ ದಪ್ಪ ಅಕ್ಷರದಲ್ಲಿ: 'ದೋಣಿ ವಿಹಾರ. ತಿಮಿಂಗಿಲ ಗ್ಯಾರಂಟಿ!'

ಕೌಂಟರಿನಲ್ಲಿ ಕೂತಿದ್ದವನು ಅವಳ ಒಡಹುಟ್ಟಿದ ಅಣ್ಣ.

"ಏನಿದು? ನಾನಿದನ್ನ ಮಾಡಿದ್ದು ಅವುಗಳ ರಕ್ಷಣೆಗೆ ಕಣಣ್ಣಾ!"

"ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದ್ದು ನೀನೇ ತಾನೆ? ಜನಕ್ಕೆ ಗೊತ್ತಾಗ್ಬೇಕು ಅಂತ ಭಾಷಣ ಬೇರೆ ಬಿಗಿದೆ. ಈಗ ಗೊತ್ತಾಗಿದೆ, ನೋಡೋಕೆ ಬರ್ತಿದ್ದಾರೆ."

"ಚುಕ್ಕೆ ಇಲ್ಲದ ಜಾಗಕ್ಕೆ ರಕ್ಷಣೆ ಕೊಡಲ್ಲ ಅಂತಾರೆ ಅರಣ್ಯ ಇಲಾಖೆಯವರು. ಚುಕ್ಕೆ ಇಟ್ರೆ ನೀವು ಹಿಂಡುಗಟ್ಟಿಕೊಂಡು ನುಗ್ತೀರಿ. ನಾನು ಯಾವ ಗೋಡೆಗೆ ತಲೆ ಚಚ್ಕೊಳ್ಲಿ?"

"ತಲೆ ಆಮೇಲೆ ಚಚ್ಕೊ. ಈಗ ದೋಣಿ ಹತ್ತು. ಗಿರಾಕಿಗಳು ಬರೋದ್ರೊಳಗೆ ಒಂದು ಸುತ್ತು ನೋಡ್ಕೊಂಡು ಬರೋಣ."

ದಾರಿಯುದ್ದಕ್ಕೂ ಇಬ್ಬರೂ ಮುಖ ಊದಿಸಿಕೊಂಡೇ ಕೂತಿದ್ದರು. ಚುಕ್ಕೆಗಳಿದ್ದ ಕಡೆಯೆಲ್ಲ ಬರೀ ಅಲೆ. ವಾಪಸಾಗುವಾಗ, ಅವಳ ನಕ್ಷೆಯಲ್ಲಿ ಗುರುತೇ ಇಲ್ಲದ ಬಂಡೆಗಳ ಹಿಂದಿನ ನೀರಿನಲ್ಲಿ, ಒಂದು ತಾಯಿ ತಿಮಿಂಗಿಲ ಮೇಲೆದ್ದಿತು. ಮಗ್ಗುಲಲ್ಲೇ ಮರಿ.

ಅಣ್ಣ ತಟ್ಟನೆ ಎಂಜಿನ್ ನಿಲ್ಲಿಸಿದ. ತಾಯಿ ನಿಧಾನವಾಗಿ ದೋಣಿಗೂ ಮರಿಗೂ ನಡುವೆ ಬಂದು ಅಡ್ಡ ನಿಂತಿತು. ಅದರ ಬೆನ್ನ ಮೇಲೆ ಯಾವುದೋ ದೋಣಿಯ ಪ್ರೊಪೆಲರ್ ಕೊರೆದ ನಾಲ್ಕು ಗೀರು. ಇನ್ನೂ ಮಾಗದ ಗಾಯ. ಅಣ್ಣ ಅದನ್ನೇ ನೋಡಿದ. ಅವಳು ಅಣ್ಣನನ್ನು ನೋಡಿದಳು.

ಅಷ್ಟರಲ್ಲಿ ವೈರ್‌ಲೆಸ್ ಕರಕರ ಎಂದಿತು. ಇನ್ನೊಂದು ದೋಣಿಯವನ ದನಿ: "ಎಲ್ಲಿದ್ದೀಯಣ್ಣಾ? ಏನಾದ್ರೂ ಕಾಣಿಸ್ತಾ?"

"ಹೇಳ್ಬೇಡ," ಎಂದಳು ಅವಳು. "ನಿನ್ನ ಕಾಲಿಗೆ ಬೀಳ್ತೀನಿ, ಹೇಳ್ಬೇಡ."

ಅವನು ವೈರ್‌ಲೆಸ್ ಎತ್ತಿಕೊಂಡು ಗುಂಡಿ ಒತ್ತಿದ. "ಏನೂ ಇಲ್ಲ ಕಣಪ್ಪಾ. ಬರೀ ನೀರು."

ಮೂರು ವರ್ಷದ ಮೇಲೆ ಕಂಡ ಮೊದಲ ಮರಿ! ಅವಳು ಚೀಲದಿಂದ ಇಲಾಖೆಯ ಫಾರಂ ತೆಗೆದು ತೊಡೆಯ ಮೇಲಿಟ್ಟುಕೊಂಡು ದಿನಾಂಕ ಬರೆದಳು, ವೇಳೆ ಬರೆದಳು. 'ಕಂಡ ಸ್ಥಳ' ಎಂಬಲ್ಲಿಗೆ ಬಂದು ಪೆನ್ನು ನಿಂತುಬಿಟ್ಟಿತು.

ಅಣ್ಣ ಅವಳ ಭುಜದ ಮೇಲಿಂದ ಇಣುಕಿದ.

"ನಾನಂತೂ ಸುಳ್ಳು ಹೇಳಿ ಮುಗಿಸ್ದೆ," ಎಂದ. "ಈಗ ನೀನೇನು ಬರೀತೀಯೋ ಬರಿ."