ಹತ್ತಕ್ಕೆ ಹತ್ತು

ಮಂಡಿನೋವು ಎಷ್ಟಿದೆ ಎಂಬ ಪ್ರಶ್ನೆಗೆ ತುಂಗಮ್ಮ ಆಸ್ಪತ್ರೆಯಲ್ಲಿ ಹತ್ತಕ್ಕೆ ಹತ್ತು ಎಂದು ಬರೆಸಿದ್ದರು. ಮೆಟ್ಟಿಲು ಹತ್ತಲು ಆಗುವುದೇ ಇಲ್ಲವೆಂದೂ ಸೇರಿಸಿದ್ದರು. ರೋಗಿಗಳು ಬರೆಸುವುದಕ್ಕೂ ಬದುಕುವುದಕ್ಕೂ ಎಷ್ಟು ತಾಳೆಯಾಗುತ್ತದೆಂದು ಸಂಶೋಧನೆ ಮಾಡುತ್ತಿದ್ದ ಹುಡುಗಿ ಮನೆಗೇ ಬಂದಾಗ, ಅವರು ತಾರಸಿಯ ಮೇಲೆ ಸಂಡಿಗೆ ಇಡುತ್ತಿದ್ದರು.

"ಏನಜ್ಜಿ, ಮೆಟ್ಟಿಲು ಹತ್ತೋಕೇ ಆಗಲ್ಲ ಅಂದಿದ್ರಿ?"

"ಮೆತ್ತಗೆ ಮಾತಾಡಮ್ಮ. ನಿಮ್ಮ ಆಸ್ಪತ್ರೆ ಮಾತ್ರೆ ತಗೊಂಡ್ಮೇಲೆ ನೋವೇ ಇಲ್ಲ, ಅದನ್ನ ಬರೆಸೋ ಹೊತ್ತಿಗೇ ಹೋಗಿತ್ತು."

"ಮತ್ಯಾಕೆ ಹಾಗೆ ಬರೆಸಿದ್ರಿ?"

"ಅವತ್ತು ಆಸ್ಪತ್ರೇಲಿ ಎದುರುಮನೆ ಪಂಕಜ ಪಕ್ಕದಲ್ಲೇ ಕೂತಿದ್ದಳು. ಚೆನ್ನಾಗಿದ್ದೀನಿ ಅಂದಿದ್ರೆ ದೃಷ್ಟಿ ತಗುಲ್ತಿರಲಿಲ್ವಾ?"

ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಈ ಕಾಲದಲ್ಲೂ ಇದನ್ನೆಲ್ಲ ನಂಬ್ತೀರಾ ಅಜ್ಜಿ?"

ತನ್ನ ಪ್ರಬಂಧಕ್ಕೆ ಒಳ್ಳೆಯ ಸಂಗತಿ ಸಿಕ್ಕಿತೆಂಬ ಖುಷಿಯಲ್ಲಿ ಎರಡೆರಡು ಮೆಟ್ಟಿಲು ಹಾರುತ್ತ ಕೆಳಗಿಳಿದಳು.

ಗೇಟಿನ ಬಳಿ ಪಂಕಜಮ್ಮ ನಿಂತಿದ್ದರು. "ಏನಮ್ಮ, ಜಿಂಕೆ ಹಾಗೆ ಹಾರ್ಕೊಂಡು ಬರ್ತಿದೀಯಲ್ಲ! ನಿನ್ನ ಸಂಶೋಧನೆ ಚೆನ್ನಾಗಿ ನಡೀತಿದೆ ಅನ್ಸುತ್ತೆ?"

"ಅಯ್ಯೋ, ಎಲ್ಲಿ ಬಂತು ಆಂಟಿ, ಒಂದೂ ಸರಿಹೋಗ್ತಿಲ್ಲ," ಎಂದ ಹುಡುಗಿ ಬೀದಿಯ ತಿರುವಿನವರೆಗೂ ಕುಂಟಿಕೊಂಡೇ ಹೋದಳು.