ಬೆರಳು ಬಿದ್ದ ವಚನ

ದಿನಾ ಬೆಳಿಗ್ಗೆ ಸುವಾರ್ತಮ್ಮನ ಗಂಡ ಕಣ್ಣು ಮುಚ್ಚಿಕೊಂಡು ಬೈಬಲ್ ತೆರೆಯುತ್ತಿದ್ದ. ಬೆರಳು ಯಾವ ವಚನದ ಮೇಲೆ ಬೀಳುತ್ತದೋ ಅದೇ ಆ ದಿನಕ್ಕೆ ದೇವರ ಅಪ್ಪಣೆ. ಲಕ್ವ ಹೊಡೆದು ಒಳಕೋಣೆಯಲ್ಲಿ ಮಲಗಿದ್ದ ಅವನ ವಿಧವೆ ಅಕ್ಕನನ್ನು ಮನೆಯಲ್ಲಿ ಇಟ್ಟುಕೊಳ್ಳುವುದೋ, ಆಶ್ರಮಕ್ಕೆ ಕಳಿಸಿಬಿಡುವುದೋ ಎಂಬುದು ಅಂದಿನ ಪ್ರಶ್ನೆ.

ಮೊದಲ ಸಲ ಬೆರಳು ವಿಧವೆಯರನ್ನು ಕೈಬಿಡಬಾರದೆಂಬ ಮಾತಿನ ಮೇಲೆ ಬಿತ್ತು.

"ಇದು ಚರ್ಚಿನ ಸಭೆಯವ್ರಿಗೆ ಹೇಳಿದ್ದು, ನಮಗಲ್ಲ," ಎಂದು ಪುಸ್ತಕ ಮುಚ್ಚಿದ.

ಎರಡನೆಯ ಸಲ, ಹಸಿದವರಿಗೆ ಅನ್ನ ಹಂಚಬೇಕೆಂದು ಬಂತು.

"ಕಣ್ಣು ಸರಿಯಾಗಿ ಮುಚ್ಚಿರ್ಲಿಲ್ಲ."

"ದೇವ್ರು ಎಷ್ಟು ಸಲ ಹೇಳ್ಬೇಕ್ರಿ ನಿಮಗ?" ಎಂದಳು ಸುವಾರ್ತಮ್ಮ. ಅವನು ಮತ್ತೆ ಬೆರಳಿಗೆ ಎಂಜಲು ಹಚ್ಚಿಕೊಂಡ.

"ನೀ ಸುಮ್ನಿರು. ಪ್ರಾರ್ಥನಿ ನಡದೈತಿ."

ಮೂರನೆಯ ಸಲ, ಯೇಸು ಲಕ್ವ ಹೊಡೆದವನೊಬ್ಬನನ್ನು ಒಂದೇ ಮಾತಿನಿಂದ ವಾಸಿಮಾಡಿದ ಕಥೆ ಬಂತು. ಅದನ್ನವನು ಎರಡೆರಡು ಸಲ ಓದಿದ. ಕಣ್ಣಲ್ಲಿ ನೀರಾಡಿತು. ಅಂತೂ ಇವನ ಮನಸ್ಸು ಕರಗಿತಲ್ಲ ಎಂದು ಅವಳು ನಿಟ್ಟುಸಿರು ಬಿಟ್ಟಳು.

"ಸ್ತೋತ್ರ ಸ್ವಾಮಿ," ಎನ್ನುತ್ತ ಎದ್ದ ಅವನು ಒಳಕೋಣೆಯ ಬಾಗಿಲಿಗೆ ಹೋಗಿ ನಿಂತ.

"ಅಕ್ಕಾ, ಎದ್ದು ಹಾಸಿಗಿ ಹೊತ್ಕೊಂಡು ನಡಿ ಅಂತ ವಚನ ಬಂದೈತಿ. ಆಟೋ ಕರಸ್ತೀನಿ."