ಮುಂಚೆ ಹಾಡಿದ ಸಾಲು

"ಈ ಸಲ ಆ ಹಾಡನ್ನ ಬರೆದಿರೋ ಹಾಗೇ ನುಡಿಸ್ಬೇಕು. ನಾನೂ ಕಾಯ್ತೀನಿ, ನೀವೂ ಕಾಯ್ರಿ," ಎಂದ ಎಲ್ಮೋ ಹ್ಯಾಸ್ಕೆಲ್, ಸ್ಯಾಕ್ಸೊಫೋನಿನ ಊದುವ ತುದಿಗೆ ಹೊಸ ರೀಡ್ ಪಟ್ಟಿ ಕೂರಿಸುತ್ತಾ.

ವೇದಿಕೆಯ ಮೇಲಿದ್ದ ಬ್ಯಾಂಡಿನ ಮುದುಕರೆಲ್ಲ ಮುಖ ಮುಖ ನೋಡಿಕೊಂಡರು. ಡ್ರಮ್ಮಿನ ಹಿಂದೆ ಕೂತಿದ್ದ ಡ್ಯೂಯಿ ಮಾತ್ರ ಬಾಯಿ ಬಿಟ್ಟ. "ಲೋ, ತಲೆಗಿಲೆ ಕೆಟ್ಟಿದ್ಯಾ ನಿಂಗೆ? ನಾಳೆ ಈ ಹಾಲ್ ಕೆಡವ್ತಾರೆ. ಅಯೋವಾ ರಾಜ್ಯದ ಮೂಲೆಮೂಲೆಯಿಂದ ಜನ ಬಂದಿರೋದೇ ಆ ತಪ್ಪು ಕೇಳೋಕೆ."

"ಅದಕ್ಕೇ ಕಣೋ. ಸರಿಯಾಗಿ ಹಾಡೋಕೆ ನಂಗೆ ಇನ್ನೊಂದು ಅವಕಾಶ ಸಿಗಲ್ಲ."

ತಪ್ಪು ನಡೆದದ್ದು ಇದೇ ಕೆರೆದಂಡೆಯ ಡಾನ್ಸ್ ಹಾಲ್‌ನಲ್ಲಿ, ಎರಡನೇ ಮಹಾಯುದ್ಧಕ್ಕೂ ಮುಂಚೆ, ರೇಡಿಯೋದವರು ಮೊದಲ ಸಲ ಮೈಕು ತಂದು ನಿಲ್ಲಿಸಿದ ದಿನ. ಎಲ್ಮೋ ಆಗಷ್ಟೇ ಸ್ವಂತ ಬ್ಯಾಂಡು ಕಟ್ಟಿದ್ದ ಹುಡುಗ. ತನ್ನ ಪಾಲಿನ ಸ್ಯಾಕ್ಸೊಫೋನ್ ಊದಿ ಮುಗಿಸಿ, ಬ್ಯಾಂಡು ಒಂದು ಸುತ್ತು ನುಡಿಸುವವರೆಗೆ ಕಾದು, ಆಮೇಲೆ ಹಾಡಬೇಕಿತ್ತು. ಗಾಬರಿಯಲ್ಲಿ ಕಾಯಲೇ ಇಲ್ಲ. ವಾದ್ಯ ಬಾಯಿಂದ ತೆಗೆದವನೇ ಮೊದಲ ಸಾಲು ಹಾಡಿಬಿಟ್ಟ. ಬ್ಯಾಂಡಿನವರು ಎದ್ದೆನೋ ಬಿದ್ದೆನೋ ಎಂದು ಅವನ ಹಿಂದೆ ಓಡಿದರು. ಕುಣಿಯುತ್ತಿದ್ದ ಜೋಡಿಗಳು ಬೆಚ್ಚಿಬಿದ್ದು ಅಲ್ಲೇ ಗಿರಕ್ಕನೆ ಒಂದು ಸುತ್ತು ತಿರುಗಿದವು. ಆ ಗಿರಕಿ ಊರೂರಿಗೆ ಹಬ್ಬಿತು ನೋಡಿ! ರೆಕಾರ್ಡ್ ಮಾಡಲು ಕರೆದವರೂ, "ಹಾಗೇ ತಪ್ಪಿ ಹಾಡಪ್ಪಾ," ಎಂದರು. ಬ್ಯಾಂಡಿನ ಬಸ್ಸು, ಬಿಳಿ ಕೋಟು, ಹೋದಲ್ಲೆಲ್ಲ ಹೆಸರು, ಎಲ್ಲ ಅದರಿಂದಲೇ ಬಂತು. ಬ್ಯಾಂಡುಗಳ ಕಾಲ ಮುಗಿದು ಅವನು ಪಿಯಾನೋ ಅಂಗಡಿಯಲ್ಲಿ ನಿಂತಾಗಲೂ ಜನ ಕೇಳುತ್ತಿದ್ದದ್ದು ಒಂದೇ ಮಾತು: "ನೀನೇ ಅಲ್ವಾ ಮುಂಚೆ ಹಾಡಿದೋನು?" ಜೀವಮಾನವೆಲ್ಲ ಊದಿದ್ದು ಒಬ್ಬರಿಗೂ ನೆನಪಿಲ್ಲ. ಆ ಕೊರಗು ಎಲ್ಮೋನನ್ನು ಬಿಟ್ಟೇ ಇರಲಿಲ್ಲ.

ಅಷ್ಟರಲ್ಲಿ ಕಾಫಿ ಲೋಟ ಹಿಡಿದುಕೊಂಡು ವರ್ನಾ ಎಂಬ ಮುದುಕಿ ವೇದಿಕೆಯ ಬಳಿ ಬಂದಳು. ಹಿಂದೆಯೇ ಕೋಲೂರಿಕೊಂಡು ಅವಳ ಗಂಡ.

"ಎಲ್ಮೋ, ಇವ್ರಿಗೆ ಮಂಡಿ ಆಪರೇಶನ್ ಆಗಿದೆ ಕಣಪ್ಪಾ. ಬೇರೆ ಎಲ್ಲದಕ್ಕೂ ಕೂತೇ ಇರ್ತೀವಿ. ಆ ಹಾಡೊಂದಕ್ಕೆ ಮಾತ್ರ ಏಳ್ತೀವಿ. ಆ ತಿರುಗೋ ಜಾಗದಲ್ಲೇ ಇವ್ರು ನನ್ನನ್ನ, ಮದುವೆ ಆಗ್ತೀಯಾ ಅಂತ ಕೇಳಿದ್ದು."

"ಕುಣೀರಿ, ಕುಣೀರಿ," ಎಂದ ಎಲ್ಮೋ, ಅವಳ ಮುಖ ನೋಡದೆ.

ಭಾನುವಾರದ ಇಳಿಬಿಸಿಲು ಕಿಟಕಿಗಳಿಂದ ನುಣುಪು ಹಲಗೆಯ ನೆಲಕ್ಕೆ ಬಿದ್ದಿತ್ತು. ಡ್ಯೂಯಿ ತಾಳ ಕೊಟ್ಟ. ಎಲ್ಮೋ ಊದಿದ. ಉಸಿರು ಮೊದಲಿನಷ್ಟು ಉದ್ದವಿರಲಿಲ್ಲ, ಆದರೆ ನಾದ ಅದೇ, ಜೇನಿನಂತೆ ದಪ್ಪ. ಕೂತಿದ್ದವರೆಲ್ಲ ಎದ್ದರು. ನರೆತ ತಲೆಗಳು ಒಂದಕ್ಕೊಂದು ಒರಗಿದವು. ಎಂಥಾ ದಿನಗಳಪ್ಪಾ ಅವು ಎಂದು ಡ್ಯೂಯಿಯ ಕಣ್ಣು ತುಂಬಿ ಬಂತು.

ಎಲ್ಮೋ ಸ್ಯಾಕ್ಸೊಫೋನನ್ನು ಬಾಯಿಂದ ತೆಗೆದ. ತುಟಿ ಬಿಗಿದುಕೊಂಡು ನಿಂತ. ಕಾದ.

ಅವನು ಕಾದ, ಜನ ಕಾಯಲಿಲ್ಲ. ಅದೇ ಹಳೆಯ ಜಾಗದಲ್ಲಿ ಇಡೀ ಹಾಲ್ ಗಿರಕ್ಕನೆ ತಿರುಗಿತು. ಗಂಡನ ಕೋಲನ್ನು ಮೊಣಕೈಗೆ ನೇತುಹಾಕಿಕೊಂಡು ವರ್ನಾಳೂ ತಿರುಗಿದಳು. ತಿರುಗಿದ ಕಾಲುಗಳಿಗೆ ಹಾಡು ಸಿಗಲಿಲ್ಲ. ಅವಳ ಗಂಡ ತಡವರಿಸಿದ. ಅವಳು ಅವನನ್ನು ಎದೆಗೊರಗಿಸಿಕೊಂಡು ವೇದಿಕೆಯತ್ತ ನೋಡಿದಳು. ಎಲ್ಲರೂ ನೋಡುತ್ತಿದ್ದರು.

ಬ್ಯಾಂಡಿನ ಸುತ್ತು ಮುಗಿಯಿತು. ಎಲ್ಮೋ ಸರಿಯಾದ ಜಾಗದಲ್ಲಿ, ಕೂದಲೆಳೆಯಷ್ಟೂ ತಪ್ಪದೆ, ಆ ಸಾಲು ಹಾಡಿದ. ಯಾರೂ ತಿರುಗಲಿಲ್ಲ. ಅವರದು ಆಗಲೇ ತಿರುಗಿಯಾಗಿತ್ತು.

ಅವನು ಕೈಯೆತ್ತಿದ. ಬ್ಯಾಂಡು ನಿಂತಿತು.

"ಏನಾಯ್ತೋ? ಸರಿಯಾಗೇ ಹಾಡಿದ್ಯಲ್ಲೋ," ಎಂದು ಡ್ಯೂಯಿ ಪಿಸುಗುಟ್ಟಿದ.

ಎಲ್ಮೋ ಮೈಕಿನತ್ತ ಬಾಗಿದ.

"ಕ್ಷಮಿಸಿ, ನಾನು ಹಾಡೋದು ತಡವಾಯ್ತು. ಮೊದಲಿಂದ ನುಡಿಸ್ತೀವಿ."